ಸೀಸೆಯ ತಳದಲ್ಲಿ ಅಂಟಿಕೊಂಡವು

ಬೆಳಗಿನಿಂದ ಮಳೆಯೂ ಇಲ್ಲ ಬಿಸಿಲೂ ಇಲ್ಲ, ಮುಚ್ಚಳ ಹಾಕಿದ ಪಾತ್ರೆಯಂಥ ಆಕಾಶ, ಕಿಟಕಿಯ ಗಾಜು ಬೆವರುತ್ತಿದೆ, ನಾನೂ — ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಅಲ್ಲಿ ಮಾತ್ರ ನೆಮ್ಮದಿ, ಹೊಕ್ಕುಳಬಳ್ಳಿಯ ರಕ್ತನಾಳದಿಂದ ಬಿಡಿಸಿದ ಒಳಗೋಡೆಯ ಕೋಶಗಳು ಕಲ್ಲುಹಾಸಿನ ಹಾಗೆ ಒತ್ತೊತ್ತಾಗಿ ಮಲಗಿವೆ, ನೋಡಿದವರು ಆರೋಗ್ಯವೆಂದರೆ ಇದು ಎನ್ನಬೇಕು, ಒಳಗೆ ಹರ್ಪಿಸ್ ವೈರಸ್ ಸಂಸಾರ ಹೂಡಿದೆ. ಒಂದೂವರೆ ತಿಂಗಳ ಹಿಂದೆ ಸೋಂಕು ತಗುಲಿಸಿದಾಗ ದುಂಡಗಾಗಿ ಕಿತ್ತುಬಂದು ತೇಲಿದ್ದವು, ಸತ್ತವಕ್ಕೆ ಎಷ್ಟು ದಿನ ಉಣಿಸ್ತೀಯೇ, ಚೆಲ್ಲು ಅತ್ಲಾಗೆ, ಎಂದಿದ್ದಳು ಅಕ್ಕ, ಒಡಹುಟ್ಟಿದವಳಲ್ಲ, ಲ್ಯಾಬಿನಲ್ಲಿ ನನಗಿಂತ ಹತ್ತು ವರ್ಷ ಹಿರಿಯಳು, ನನಗೆ ಪಿಪೆಟ್ ಹಿಡಿಯಲು ಕಲಿಸಿದವಳು. ಚೆಲ್ಲಲಿಲ್ಲ. ಸೀಸೆಯ ತಳದಲ್ಲಿ ನಾಲ್ಕಾರು ಅಂಟಿಕೊಂಡಿದ್ದವು, ದೇವರೇ ಇವಕ್ಕೆ ಯಾರು ದಿಕ್ಕು ಎಂದು ದಿನ ಬಿಟ್ಟು ದಿನ ಪೋಷಕ ದ್ರವ ಬದಲಿಸಿದೆ, ಭಾನುವಾರವೂ ಬಂದೆ, ಹತ್ತಾದವು, ನೂರಾದವು, ತಳ ತುಂಬಿದವು, ಮೇಲಿನ ದ್ರವದ ಒಂದು ಹನಿ ಹೊಸ ಕೋಶಗಳ ಮೇಲೆ ಬಿದ್ದರೆ ನಾಲ್ಕೇ ದಿನಕ್ಕೆ ಅವು ನಿರ್ನಾಮ, ಇವು ಮಾತ್ರ ಬದುಕಿವೆ, ವೈರಸ್ಸೂ ಬದುಕಿದೆ, ಮನೆಯವರನ್ನು ಕೊಲ್ಲದೆ ಮನೆಯನ್ನೇ ತನ್ನದಾಗಿಸಿಕೊಂಡ ನೆಂಟ — ಅಕ್ಕನ ಹಾಗೆ. ಅರ್ಧ ಗಂಟೆಯ ಹಿಂದೆ ಮೀಟಿಂಗಿನಲ್ಲಿ ಲ್ಯಾಬಿನ ಮುಖ್ಯಸ್ಥರಾದ ಮೇಷ್ಟ್ರ ಮುಂದೆ ನನ್ನ ನೋಟ್‌ಬುಕ್ ಬಿಚ್ಚಿ, ಇದು ನಾನೇ ಉಳಿಸಿಕೊಂಡ ಸೀಸೆ ಸರ್, ಚೆಲ್ಲೋಕೆ ಮನಸ್ಸು ಬರ್ಲಿಲ್ಲ, ಎಂದಳು — ಮನಸ್ಸಂತೆ! ಮೊದಲ ಪುಟದಲ್ಲಿ ಆಗಲೇ ತನ್ನ ಹೆಸರು ಬರೆದುಕೊಂಡಿದ್ದಳು. ಮೇಷ್ಟ್ರು ಭೇಷ್ ಎಂದರು, ಇವಳಿಗೂ ಒಂಚೂರು ಕಲಿಸಮ್ಮ ಎಂದು ನನ್ನತ್ತ ತಲೆಯಾಡಿಸಿದರು, ಎಲ್ಲರೂ ನಕ್ಕರು. ನಗಲಿ. ನೋಟ್‌ಬುಕ್ ಅವಳೇ ಇಟ್ಟುಕೊಳ್ಳಲಿ, ಜೀವ ಇರುವುದು ಈ ಒಂದೇ ಸೀಸೆಯಲ್ಲಿ, ಒಂದು ಪಾಲು ಫ್ರೀಜರಿಗೆ ಎತ್ತಿಡೇ ಎಂದು ಅವಳೇ ವಾರದಿಂದ ಬಡಕೊಂಡಿದ್ದಳು, ನಾಳೆ ನಾಳೆ ಎಂದವಳು ನಾನು, ಆದದ್ದು ಒಳ್ಳೆಯದೇ ಆಯಿತು, ಮೇಷ್ಟ್ರು ಎಲ್ಲಿ ತೋರಿಸಮ್ಮ ಎಂದಾಗ ಏನು ತೋರಿಸುತ್ತಾಳೆ, ತನ್ನ ತಲೆ ತೋರಿಸುತ್ತಾಳೆ — ಎಲ್ಲವನ್ನೂ ಕೊಲ್ಲುವ ಬ್ಲೀಚ್ ಬಾಟಲಿ ಎಡಕ್ಕೇ ಇದೆ, ಮುಚ್ಚಳ ತಿರುಗಿಸಿದ್ದು ನನ್ನ ಕೈಯೇ, ಸೀಸೆಗೆ ಸುರಿದದ್ದೂ, ಗುಲಾಬಿ ಪೋಷಕ ದ್ರವ ಕಣ್ಣೆದುರೇ ಬಣ್ಣ ಬಿಟ್ಟು ನೀರಾಯಿತು, ಆಯಿತು, ತಗೋ. ಬಾಗಿಲು. ಅಕ್ಕ, ಕಣ್ಣು ಕೆಂಪಗಿದೆ, ಇರಲಿ ಬಿಡು, ನಾಟಕ — ಮೇಷ್ಟ್ರ ಹತ್ರ ಹೋಗಿ ನಿಜ ಹೇಳಿ ಬಂದೆ ಕಣೇ, ನಾಳೆ ಎಲ್ರ ಮುಂದೆ ನೀನೇ ತೋರಿಸ್ಬೇಕಂತೆ, ಬೈಬೇಕು ಅನ್ಸಿದ್ರೆ ಬೈದುಬಿಡು, ಎನ್ನುತ್ತಾಳೆ. ಸೀಸೆಯಲ್ಲಿ ನೀರು, ಬಣ್ಣವಿಲ್ಲದ ನೀರು. ಅವಳು ಸೀಸೆಯತ್ತ ನೋಡುತ್ತಿಲ್ಲ, ನೋಟ್‌ಬುಕ್ಕಿನ ಮೊದಲ ಪುಟ ತೆರೆಯುತ್ತಾಳೆ, ಅವಳ ಹೆಸರಿಗೆ ಗೀಟು, ಪಕ್ಕದಲ್ಲಿ ನನ್ನದು, ಕೆಳಗೆ ಮೇಷ್ಟ್ರ ಸಹಿ, ಶಾಯಿ ಇನ್ನೂ ಹಸಿ — ಮುಚ್ಚಿ ನನ್ನ ಕೈಗಿಡುತ್ತಾಳೆ, ನೀರು, ಬಣ್ಣವಿಲ್ಲದ ನೀರು, ನೀರು