ಸೋರದ ಗಡಿಗೆಗಳು

ವಿಜಾಪುರದ ಇಬ್ರಾಹಿಂಪುರದಲ್ಲಿ ನೀಲಾಬಾಯಿಯ ಹಿತ್ತಲು ನಾಲ್ಕು ದಿನಕ್ಕೆ ಎರಡು ಕೊಡ ನೀರಿನಲ್ಲಿ ಬದುಕುತ್ತಿತ್ತು. ಐದು ಹೀರೆಬಳ್ಳಿ, ಒಂದೊಂದರ ಬುಡದಲ್ಲಿ ಕುತ್ತಿಗೆಯವರೆಗೆ ಹೂತ ಮಣ್ಣಿನ ಗಡಿಗೆ. ಗಡಿಗೆ ಸಣ್ಣಗೆ ಬೆವರುತ್ತಿತ್ತು, ಬೇರು ಆ ಬೆವರನ್ನೇ ಕುಡಿಯುತ್ತಿತ್ತು. ಬೀಜ ಬಬಲೇಶ್ವರದ ತವರಿನದು. ಅವ್ವ ತೀರಿದ ಮೇಲೆ ಅಲ್ಲೂ ಅದು ಉಳಿದಿರಲಿಲ್ಲ. ಅರವತ್ತೆರಡನೇ ಇಸವಿಯ ಆ ಬೇಸಿಗೆಯಲ್ಲಿ ಒಂದು ಕಾಯಿಯಾದರೂ ಬಳ್ಳಿಯ ಮೇಲೆ ಬಲಿಯದಿದ್ದರೆ ಅವ್ವನ ತಳಿ ಮುಗಿದಂತೆ.

ಗಂಡ ಬಸಗೊಂಡಪ್ಪನವರು ನಿವೃತ್ತ ಮುಕಾದಮರು. ಮೂವತ್ತು ವರ್ಷ ರಸ್ತೆ ಕೆಲಸ ಮಾಡಿಸಿ, ಜಗತ್ತಿನಲ್ಲಿ ಡಾಂಬರು ಕಂಡದ್ದು, ಕಾಣದ್ದು ಎಂದು ಎರಡೇ ಜಾತಿ ಎಂಬ ತೀರ್ಮಾನಕ್ಕೆ ಬಂದವರು. ಕಡಿಮೆ ನೀರಿನ ಈ ಹಿತ್ತಲು ನೋಡಲು ಕೃಷಿ ಇಲಾಖೆಯ ಸಾಹೇಬರು ಬರುತ್ತಾರೆಂಬ ಸುದ್ದಿ ಬಂತು. ನೀಲಾಬಾಯಿ ತಂಗಿಯ ಕೂಸಿನ ತೊಟ್ಟಿಲ ಶಾಸ್ತ್ರಕ್ಕೆಂದು ಎರಡು ದಿನ ಅವಳ ಊರಿಗೆ ಹೋದಳು. ಮುಕಾದಮರು ಗಡಿಗೆಗಳನ್ನು ಕಿತ್ತು ನೋಡಿದರೆ ಐದೂ ತೇವ. ಸೋರುವ ಮಾಲನ್ನು ಪಾಸು ಮಾಡಿದವರೇ ಅಲ್ಲ ಅವರು. ಕುತ್ತಿಗೆಯ ಕೆಳಗೆ ಒಳಗೂ ಹೊರಗೂ ಡಾಂಬರು ಬಳಿದು, ಒಣಗಿಸಿ, ನೀರು ತುಂಬಿ ಮತ್ತೆ ಹೂತರು. ಸ್ವಲ್ಪ ಡಾಂಬರು, ಉಳಿದದ್ದು ಡಂಭ.

ಹೆಂಡತಿ ಮರಳಿದಾಗ ಅದನ್ನು ಹೇಳುವ ಅಗತ್ಯ ಅವರಿಗೆ ಕಾಣಲಿಲ್ಲ. ವಾರದಲ್ಲಿ ಎಲೆಗಳು ಹಪ್ಪಳವಾದವು. ಅವಳು ಮುಚ್ಚಳ ತೆಗೆದರೆ ನೀರು ಕಂಠಮಟ್ಟ. ಬಿಸಿಲಿನ ಝಳ ಎಂದರು ಗಂಡ.

ಸಾಹೇಬರು ಬಂದರು. ಮುಕಾದಮರು ಮೂಗಿನಲ್ಲಿ ಸರ್ಕಾರಿ ಸ್ವರ ತಂದುಕೊಂಡು, ಸದರಿ ಗಡಿಗೆಗಳಲ್ಲಿ ಎಂಟು ದಿನದಿಂದ ಹನಿ ನೀರೂ ಖರ್ಚಾಗಿಲ್ಲವೆಂದು ನಿವೇದಿಸಿದರು. ಸಾಹೇಬರು ಕಡ್ಡಿ ಇಳಿಸಿ ನೀರನ್ನು ಅಳೆದರು. ಬಳ್ಳಿಗಳತ್ತ ನೋಡಲು ಅವರ ಫಾರಮಿನಲ್ಲಿ ಜಾಗವಿರಲಿಲ್ಲ. ಇಂಥ ಉಳಿತಾಯ ಜಿಲ್ಲೆಯಲ್ಲೇ ಇಲ್ಲ, ತಿಕೋಟಾದ ರೈತರ ಸಭೆಗೆ ನೀವೇ ಬಂದು ಹೇಳಬೇಕು ಎಂದರು.

ಕಡ್ಡಿಯ ತುದಿಗೆ ಅಂಟಿದ ಕಪ್ಪನ್ನು ನೀಲಾಬಾಯಿ ನೋಡಿದಳು, ಮೂಸಿದಳು.

"ಗಡಿಗಿಗೆ ಡಾಂಬರ ಬಳದೀರೇನ್ರಿ?"

"ಸೋರಾಕತ್ತಿದ್ವು. ಬಂದೋಬಸ್ತ ಮಾಡೀನಿ," ಎಂದರು ಗಂಡ, ಸಾಹೇಬರತ್ತ ತಿರುಗಿ.

"ಸೋರೂದಽ ಅದರ ಕೆಲಸ ಇತ್ರಿ. ಸಾಹೇಬ್ರ, ಊಟಕ್ಕ ಕುಂದರ್ರಿ. ನೀರ ಭಾಳ ಉಳದೈತಿ, ಅದರದಽ ಪಲ್ಯಾ ಮಾಡತೀನಿ."

ಸಾಹೇಬರಿಗೆ ಬಸ್ಸಿನ ನೆನಪಾಯಿತು. ಅವರು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವಳು ಹಾರೆ ತಂದು ಐದೂ ಗಡಿಗೆಗಳ ತಳ ಒಡೆದಿದ್ದಳು. ನೆಲ ಗುಟುಕು ಗುಟುಕಾಗಿ ನೀರು ಕುಡಿಯಿತು. ಮುಕಾದಮರು ತಮ್ಮ ರಸ್ತೆಯೇ ಕುಸಿದವರ ಹಾಗೆ ನಿಂತರು.

ಎರಡು ಬಳ್ಳಿ ಹೋದವು, ಮೂರು ಚಿಗುರಿದವು. ನೀಲಾಬಾಯಿ ಹೊಸ ಗಡಿಗೆ ಹೂತು, ಮೊದಲು ಕಚ್ಚಿದ ಕಾಯಿಗೆ ಬೀಜದ ಗುರುತಿಗೆಂದು ಸೀರೆಯ ಅಂಚು ಹರಿದು ಕಟ್ಟಿದಳು. ಬಲಿಯುವ ತನಕ ಮುಕಾದಮರಿಗೆ ಹಿತ್ತಲ ಬಾಗಿಲು ಬಂದ್.

ಅವರು ತಿಕೋಟಾಕ್ಕೆ ಹೋಗಿ ಭಾಷಣ ಮುಗಿಸಿ ಬಂದರು. ಎರಡು ಬಳ್ಳಿ ಅತಿಯಾಗಿ ನೀರು ಕುಡಿದು ಸತ್ತವು ಎಂದು ಅಲ್ಲಿ ಹೇಳಿದರಂತೆ.