ದೊರೆ ಕೋಟು ಹಿಡಿದ ದಿನ

೧
ಈ ಕಥೆಯನ್ನು ಅರಮನೆಯಿಂದ ಶುರು ಮಾಡಲೇ, ಆಲೂಗಡ್ಡೆಯಿಂದ ಶುರು ಮಾಡಲೇ? ಅರಮನೆ ಅಂದರೆ ನೀವು ಕುರ್ಚಿ ಮುಂದಕ್ಕೆಳೆದು ಕೂರುತ್ತೀರಿ, ಗೊತ್ತು. ಆದರೆ ೧೯೪೫ರಲ್ಲಿ ರಷ್ಯನ್ನರು ಬಂದಾಗಲೇ ಅದು ಈ ಮನೆತನದ ಕೈಬಿಟ್ಟಿತು. ಆಮೇಲೆ ಶಾಲೆಯಾಯಿತು, ಗೊಬ್ಬರದ ಗೋದಾಮಾಯಿತು. ಹಾಗಾಗಿ ಆಲೂಗಡ್ಡೆಯೇ ಇರಲಿ.

(ಮೊದಲ ಕರಡು ಹೀಗಿತ್ತು: "ಬ್ರಾಂಕೋ ಮನೆತನದ ಏಳುನೂರು ವರ್ಷಗಳ ಭವ್ಯ ಇತಿಹಾಸದಲ್ಲಿ..." ಕೆಳಗಿನ ಮನೆಯ ದೊರೆಸಾನಿಗೆ ಓದಿ ಹೇಳಿದೆ. "ಏಳುನೂರು ವರ್ಷ ನಾವು ಮಾಡಿದ್ದು ಬೇಟೆ, ಜಗಳ, ಮಕ್ಕಳು. ಹೊಡೆದುಹಾಕಪ್ಪ" ಅಂದರು. ಹೊಡೆದುಹಾಕಿದೆ.)

೨
ದೊರೆಸಾನಿ ಎಂದರೆ ಎರ್ಡ್‌ಮೂಟೆ ಫಾನ್ ಬ್ರಾಂಕೋ. ಎಂಬತ್ತು ದಾಟಿದವರು. ಲ್ಯೂನೆಬುರ್ಗಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅವರ ತಲೆಯ ಮೇಲೆ ಇಪ್ಪತ್ತು ವರ್ಷದಿಂದ ನಾನು ಓಡಾಡುತ್ತಿದ್ದೇನೆ. ದೊರೆತನವನ್ನೆಲ್ಲ ಕಾನೂನು ೧೯೧೯ರಲ್ಲೇ ತೆಗೆದುಹಾಕಿದೆ. ನಾಲಗೆಗೆ ಕಾನೂನು ಹೇಳುವವರು ಯಾರು?

ಅವರ ಅಣ್ಣನ ಮಗ ಯೋಬ್ಸ್ಟ್, ಮನೆತನದ ಹಳೆಯ ಚಿತ್ರಗಳನ್ನು ವಾಪಸು ಕೊಡಿ ಎಂದು ಅರ್ಜಿ ಹಾಕಿದ್ದ. ಅರಮನೆಯ ಜೊತೆಗೇ ಕೈಬಿಟ್ಟ ಅವೆಲ್ಲ ಹಿಂದಿನ ಪೂರ್ವ ಜರ್ಮನಿಯ ಒಂದು ವಸ್ತುಸಂಗ್ರಹಾಲಯದ ಉಗ್ರಾಣದಲ್ಲಿದ್ದವು. ಸರ್ಕಾರ ಕೊಡುತ್ತದೆ, ಆದರೆ ಕಾನೂನಿನ ಒಂದು ಜರ್ಮನ್ ಪದ ಅಡ್ಡ ಮಲಗಿದೆ. ಆ ಪದ ಹೇಳುವಷ್ಟರ ಮಟ್ಟಿಗೆ ಮನೆಯ ಹಿರಿಯರು ನಾಜಿಗಳಿಗೆ ನೆರವಾಗಿದ್ದರೆ, ಏನೂ ವಾಪಸು ಸಿಗುವುದಿಲ್ಲ. ಆ ಪದಕ್ಕೆ ನಾನು ಕನ್ನಡದಲ್ಲಿ "ಬೆಂಬಲ" ಎಂದು ಬರೆದೆ, ಸಪ್ಪೆಯಾಯಿತು. "ಕುಮ್ಮಕ್ಕು" ಎಂದೆ, ಪೊಲೀಸ್ ಠಾಣೆಯ ವಾಸನೆ ಬಂತು. ಕೊನೆಗೆ ನಿಂತದ್ದು "ಒತ್ತಾಸೆ". ಗಣನೀಯ ಒತ್ತಾಸೆ.

ದೊರೆಸಾನಿಗೆ ಬೇಕಾದದ್ದು ಒಂದೇ ಚಿತ್ರ, ಅವರ ತಾಯಿಯದು. ಇವರಿಗೆ ಏಳು ವರ್ಷವಿದ್ದಾಗ ಹೋದ ತಾಯಿ. ಅದಕ್ಕಾಗಿಯೇ ಬೀರು ಸರಿಸಿ ಒಂದು ಗೋಡೆ ಖಾಲಿ ಮಾಡಿಟ್ಟಿದ್ದರು. ಆ ಕಾಲವನ್ನು ಕಣ್ಣಾರೆ ಕಂಡು ಇನ್ನೂ ಉಳಿದವರು ಅವರೊಬ್ಬರೇ. ಹೇಳಿಕೆ ಕೊಡಬೇಕಾದವರೂ ಅವರೇ.

೩ (ಯೋಬ್ಸ್ಟನ ಆವೃತ್ತಿ)
ಹೇಳಿಕೆ ಬರೆದುಕೊಳ್ಳಲು ಯೋಬ್ಸ್ಟನ ವಕೀಲರು ಮಧ್ಯಾಹ್ನ ಬಂದರು; ದೊರೆಸಾನಿ ನನ್ನನ್ನೂ ಕೆಳಗೆ ಕರೆದಿದ್ದರು. ಲಿಂಡೆಕೆ ಎಂದು ಹೆಸರು, ಮೆತ್ತಗಿನ ಮನುಷ್ಯ. ಪ್ಲಮ್ ಹಣ್ಣಿನ ಕೇಕು, ಕಾಫಿ. ಯೋಬ್ಸ್ಟ್ ಶುರುಮಾಡಿದ.

"ನಮ್ಮ ತಾತ ಆ ನಾಜಿ ಜಿಲ್ಲಾ ನಾಯಕನ್ನ ಒಂದಿನಾನೂ ತಮ್ಮ ಮೇಜಿಗೆ ಕರೀಲಿಲ್ಲ ವಕೀಲ್ರೇ. ಬಂದಾಗೆಲ್ಲ ಅಡುಗೆಮನೆ ಪಕ್ಕ ಕೂರಿಸಿ ಊಟ ಹಾಕ್ಸೋರು. 'ಆಲೂಗಡ್ಡೇನ ಚಾಕೂಲಿ ಕೊಯ್ಯೋನ ಜೊತೆ ಹೆಂಗೆ ಉಣ್ಣೋದು' ಅಂತಿದ್ರು. ಇದಕ್ಕಿಂತ ವಿರೋಧ ಬೇಕಾ?"

(ಬೇಯಿಸಿದ ಆಲೂಗಡ್ಡೆಯನ್ನು ಮುಳ್ಳುಚಮಚದಲ್ಲಿ ಮುರಿಯಬೇಕು. ಚಾಕು ತಾಗಿಸಿದರೆ ಈ ಜನರ ನಡುವೆ ಏಳು ತಲೆಮಾರಿನ ಮಾನ ಹೋಗುತ್ತದೆ. ನಾನೂ ಮೊದಲ ವರ್ಷ ಹೀಗೇ ಮಾನ ಕಳೆದುಕೊಂಡಿದ್ದೆ.)

ದೊರೆಸಾನಿ ನಕ್ಕುಬಿಟ್ಟರು. "ಅವನು ನಾಜಿ ಅಂತ ಅಲ್ವೋ ಯೋಬ್ಸ್ಟ್, ಕಟುಕನ ಮಗ ಅಂತ."

"ಯಾವ ಕಾರಣಕ್ಕಾದ್ರೇನು ಅತ್ತೆ, ವಿರೋಧ ವಿರೋಧಾನೇ."

"ಮೂಗು ಮುರಿದ್ರೆ ವಿರೋಧ ಆಗುತ್ತೇನೋ? ಹಂಗಾದ್ರೆ ನಮ್ಮ ಮನೆಯೋರು ಇಡೀ ಪ್ರಪಂಚಾನೇ ವಿರೋಧಿಸಿದೋರು!"

೪
ಆಮೇಲೆ ಅವರು ಹೇಳಿದ್ದನ್ನು ನಾನು ತಿದ್ದಿಲ್ಲ. ತಿದ್ದಲು ಕೈ ಬರಲಿಲ್ಲ.

"೧೯೩೨, ನವೆಂಬರ್. ಮುಂದಿನ ಭಾನುವಾರ ಓಟು. ಅಂಗಳದ ತುಂಬ ನಮ್ಮ ಗೇಣಿದಾರರು, ಆಳುಗಳು, ಊರೋರೆಲ್ಲ ನಿಂತಿದ್ರು. ದೊರೆ ಏನ್ಮಾಡ್ತಾರೆ ಅಂತ ನೋಡೋಕೆ. ಆ ಕಟುಕನ ಮಗ ಉಂಡು, ಮುಂಬಾಗಿಲಿಗೆ ಬಂದ. ಆಳು ಕೋಟು ತಂದ. ನಮ್ಮಪ್ಪ ಆಳಿನ ಕೈಯಿಂದ ಅದನ್ನ ತಗೊಂಡ್ರು."

"ತಗೊಂಡು?"

"ಹಿಡಿದ್ರು. ಬಿಷಪ್ಪಿಗೂ ಹಿಡಿದೋರಲ್ಲ ನಮ್ಮಪ್ಪ. ಅವನ ಹಿಂದೆ ನಿಂತು, ಚೂರು ಬಗ್ಗಿ ಹಿಡಿದ್ರು. ಅವನು ಒಂದು ತೋಳು ತೂರಿಸ್ದ, ಇನ್ನೊಂದು ತೂರಿಸ್ದ. ಅಪ್ಪ ಕಾಲರ್ ಸರಿ ಮಾಡಿದ್ರು. ಅಷ್ಟೇ. ಅಂಗಳದಲ್ಲಿ ಒಬ್ಬೊಬ್ರಾಗಿ ಟೋಪಿ ತೆಗೆದ್ರು. ನಮ್ಮಪ್ಪನಿಗಲ್ಲ, ಅವನಿಗೆ. ಭಾನುವಾರ ಊರಿಗೆ ಊರೇ ಅವನ ಪಕ್ಷಕ್ಕೆ ಹಾಕ್ತು."

ಭಾಷಣವಿಲ್ಲ, ಬಂದೂಕಿಲ್ಲ, ಸಹಿಯಿಲ್ಲ. ಶಿಷ್ಟಾಚಾರ ಬಲ್ಲ ಎರಡು ಕೈ, ಒಂದು ಉಣ್ಣೆಯ ಕೋಟು. ಅಷ್ಟರಲ್ಲಿ ಒಂದು ಊರಿನ ಹಣೆಬರಹ ತಿರುಗಿತ್ತು. ನಾನು ನಿಘಂಟು ಮಗುಚಿ ಹುಡುಕಿದ ಪದವನ್ನು ಆ ಏಳು ವರ್ಷದ ಹುಡುಗಿ ಕಣ್ಣಾರೆ ನೋಡಿದ್ದಳು.

೫
ವಕೀಲರು ಪೆನ್ನು ನಿಲ್ಲಿಸಿದ್ದರು. "ದೊರೆಸಾನಿಯವರೇ, ಇದನ್ನ ಬರ್ಕೊಂಡ್ರೆ ಚಿತ್ರ ಬರೋದಿಲ್ಲ. ನಾನಿನ್ನೂ ಬರ್ಕೊಂಡಿಲ್ಲ."

(ಆಮೇಲೆ ಕರಡು ಓದಿ ಹೇಳುವಾಗ, ಇಲ್ಲಿ ನಾನು ತಡೆಯಲಾರದೆ ದೊರೆಸಾನಿಯ ಮುಂದೆ ಮೂರು ಮುಕ್ತಾಯಗಳನ್ನಿಟ್ಟೆ. ಒಂದು: ಅವರು ಮಾತು ಹಿಂತೆಗೆದುಕೊಳ್ಳುತ್ತಾರೆ, ತಾಯಿ ಗೋಡೆಗೆ ಬರುತ್ತಾರೆ. ಎರಡು: ಹಿಂತೆಗೆದುಕೊಳ್ಳುವುದಿಲ್ಲ, ಗೋಡೆ ಖಾಲಿ. ಮೂರು: ಉಗ್ರಾಣದ ಅಧಿಕಾರಿ ಕಣ್ಣೊರೆಸಿಕೊಂಡು ಚಿತ್ರವನ್ನು ತಾನೇ ಹೊತ್ತು ತರುತ್ತಾನೆ.

"ಮೂರನೇದು ಯಾರು ಬರ್ದಿದ್ದು, ನೀನಾ?"

"ಹೌದು."

"ಥೂ. ನಾಚಿಕೆ ಆಗ್ಬೇಕು.")

ಯೋಬ್ಸ್ಟ್ ಅವರ ಮುಂದೆ ಮೊಣಕಾಲೂರಿ ಕೂತ. ಕೆಟ್ಟವನಲ್ಲ ಅವನು; ಅತ್ತೆಯನ್ನು ನಿಜವಾಗಿ ಪ್ರೀತಿಸುತ್ತಾನೆ.

"ಅತ್ತೆ, ನಿಮಗಾಗ ಏಳು ವರ್ಷ. ಅಷ್ಟು ಚಿಕ್ಕ ಮಗು ಏನು ನೋಡಿರುತ್ತೆ? ಹಿಡಿದಿದ್ದು ಆಳೇ ಇರ್ಬಹುದು. ನೆನಪಿಲ್ಲ ಅನ್ನಿ, ಸಾಕು. ಅಜ್ಜಿ ಮನೆಗೆ ಬರ್ತಾರೆ."

ವಕೀಲರು ತಲೆಯಾಡಿಸಿದರು. ನಿಮ್ಮಾಣೆ, ನಾನೂ ಆಡಿಸಿದೆ. ಎಂಬತ್ತರ ಜೀವಕ್ಕೆ ಒಂದು ಚಿತ್ರ ಸಿಕ್ಕರೆ ಸತ್ಯದ ಗಂಟೇನು ಹೋಗುತ್ತದೆ?

೬ (ಮುಕ್ತಾಯವಲ್ಲ)
ದೊರೆಸಾನಿ ಖಾಲಿ ಗೋಡೆ ನೋಡಿದರು.

"ಆ ಚಿತ್ರದಲ್ಲಿ ಅಮ್ಮ ನಗ್ತಾ ಇಲ್ಲ ಕಣೋ ಯೋಬ್ಸ್ಟ್. ಬಾಯಿ ಬಿಗಿ ಹಿಡ್ಕೊಂಡು ಕೂತಿದಾಳೆ. ಅವಳು ನಕ್ಕಿದ್ದನ್ನ ನೋಡಿದೋರು ಈಗ ಭೂಮಿ ಮೇಲೆ ನಾನೊಬ್ಳೇ. ನೋಡಿದ್ದೂ ಆ ಏಳು ವರ್ಷದ ಕಣ್ಣೇ. ಕೋಟು ಸುಳ್ಳು ಅಂದ್ರೆ ಅಮ್ಮ ನಕ್ಕಿದ್ದೂ ಸುಳ್ಳಾಗುತ್ತೆ."

ಇಷ್ಟು ದೊಡ್ಡ ಮಾತನ್ನು ನಾನು ಬರೆದು ಅವರ ಬಾಯಲ್ಲಿ ಇಟ್ಟೆನೆಂದು ನೀವು ತಿಳಿದರೆ, ನಿಮ್ಮ ದಮ್ಮಯ್ಯ, ನನಗೆ ಅಷ್ಟು ಯೋಗ್ಯತೆಯಿಲ್ಲ.

ಅವರು ವಕೀಲರ ಕಡೆ ತಿರುಗಿದರು, ನನ್ನ ಕಡೆಯೂ.

"ಇಬ್ರೂ ಪೆನ್ನು ಕೆಳಗಿಡಿ. ಹೆಂಗೆ ನಗ್ತಿದ್ಲು ಅಂತ ಹೇಳ್ತೀನಿ, ಕೇಳಿ."

ಇಬ್ಬರೂ ಇಟ್ಟೆವು. ಹಾಗಾಗಿ ಅದು ಈ ಕಥೆಯಲ್ಲಿಲ್ಲ. ವಕೀಲರು ಆಮೇಲೆ ತಮ್ಮ ಪೆನ್ನನ್ನು ಎತ್ತಿಕೊಂಡರೇ ಎಂದು ನೀವು ಕೇಳುತ್ತೀರಿ. ನಾನು ನೋಡಲಿಲ್ಲ, ಕೇಳುತ್ತಿದ್ದೆ.