ಹದಿನೇಳನೆಯ ಟ್ಯೂಬು

ಮತ್ತೆ ಟಿಕ್ ಟಿಕ್ ಅನ್ನುತ್ತಿದೆ ಲ್ಯಾಬಿನ ಯಂತ್ರ, ಒಳಗೆ ಯಾರೋ ಉಗುರಿನಿಂದ ಗಾಜು ತಟ್ಟಿದ ಹಾಗೆ, ಇನ್ನು ಹನ್ನೆರಡು ನಿಮಿಷ, ನಲವತ್ತು ಗುಳಿಯ ತಟ್ಟೆ ಅಂತೂ ಇವತ್ತು ತುಂಬಿತು, ಗುಳಿಗೊಬ್ಬಳಂತೆ ನಲವತ್ತು ಬಸುರಿಯರ ರಕ್ತ, ಎಲ್ಲರಿಗೂ ಸಕ್ಕರೆ ಕಾಯಿಲೆ — ತುಂಬದೆ ಓಡಿಸುವ ಹಾಗಿಲ್ಲ, ಪರೀಕ್ಷೆಯ ಕಿಟ್ ಒಮ್ಮೆ ಒಡೆದರೆ ಉಳಿದ ಗುಳಿಯೆಲ್ಲ ದಂಡ, ದೊಡ್ಡ ಡಾಕ್ಟರು ಮೊದಲ ದಿನವೇ ಹೇಳಿದ್ದರು, ಇದು ಅಧ್ಯಯನ ಕಣಮ್ಮ, ಚಿಕಿತ್ಸೆ ಅಲ್ಲ, ಯಾರ ಬಿಪಿ ಏರುತ್ತೆ ಅಂತ ರಕ್ತ ಮೊದಲೇ ಹೇಳುತ್ತಾ ನೋಡೋದು, ಅಷ್ಟೇ. ಇದೇ ಸ್ಟೂಲಿನ ಮೇಲೆ ಎರಡು ತಿಂಗಳ ಹಿಂದೆ ಅತ್ತಿಗೆ ಕೂತಿದ್ದಳು, ತೋಳು ಚಾಚಿ, ಮುಖ ಆಚೆ ತಿರುಗಿಸಿ, ಮೆಲ್ಲಗೆ ಚುಚ್ಚೇ ತಾಯಿ, ನಿಮ್ಮಣ್ಣನ ಮೇಲಿನ ಸಿಟ್ಟು ನನ್ನ ಮೇಲೆ ತೀರಿಸ್ಕೋಬೇಡ, ನಾನು ನಗುತ್ತಲೇ ಟ್ಯೂಬಿನ ಮೇಲೆ ಹದಿನೇಳು ಅಂತ ಬರೆದು ಫ್ರೀಜರಿನ ಎರಡನೇ ಸಾಲಿನಲ್ಲಿಟ್ಟೆ. ಆಮೇಲೆ ಬಾಗಿಲು ತೆಗೆದಾಗಲೆಲ್ಲ ಕಾಣುತ್ತಿತ್ತು, ಅಂಕಿಯ ಮೇಲೆ ಹಿಮ ಕಟ್ಟಿರುತ್ತಿತ್ತು, ಹೆಬ್ಬೆರಳಿನಿಂದ ಒರೆಸಿದರೆ ಹದಿನೇಳು, ಬಾಗಿಲು ಹಾಕಿದರೆ ಮತ್ತೆ ಹಿಮ. ಹೋದ ಭಾನುವಾರ ಊಟಕ್ಕೆ ಕೂತಾಗ ಅವಳ ಪಾದ ನೋಡಿದೆ, ಒತ್ತಿದ ಬೆರಳಿನ ಕುಳಿ ತುಂಬುತ್ತಲೇ ಇರಲಿಲ್ಲ, ಉಂಗುರ ಸೋಪು ಹಚ್ಚಿದರೂ ಬರಲಿಲ್ಲವಂತೆ, ತಲೆ ಸಿಡೀತಿದೆ, ಕಣ್ಣ ಮುಂದೆ ಮಿಣುಕು ಮಿಣುಕು, ಆಸ್ಪತ್ರೆಗೆ ಹೋಗಿ ಬರ್ಲಾ ಅಂದಳು. ಬಸುರಿ ಕಾಲು ಊದದೆ ಇನ್ನೇನು, ನನಗೂ ಊದಿತ್ತು ಅಂದಳು ಅಮ್ಮ, ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ, ಆಗ ಅತ್ತಿಗೆಯೇ ಅಂದದ್ದು — ಏನಾದ್ರೂ ಇದ್ದಿದ್ರೆ ಇವಳಿಗೆ ಗೊತ್ತಾಗ್ತಿರ್ಲಿಲ್ವಾ ಅತ್ತೆ, ನನ್ನ ರಕ್ತ ಇವಳ ಹತ್ರಾನೇ ಇದೆಯಲ್ಲ.

ನನ್ನ ಬಾಯಲ್ಲಿ ತುತ್ತಿತ್ತು. ಹೌದೆಂದು ತಲೆಯಾಡಿಸಿದೆ. ನುಂಗಿ ಹೇಳಬಹುದಿತ್ತು, ಅದನ್ನಿನ್ನೂ ಯಾರೂ ನೋಡಿಲ್ಲ ಅತ್ತಿಗೆ, ಇನ್ನೂ ನಾಲ್ಕು ಜನ ಬರಬೇಕು, ಅಲ್ಲಿಯವರೆಗೂ ಐಸಿನಲ್ಲಿ ಕೂತಿರುತ್ತದೆ, ಈಗಲೇ ಎದ್ದು ಹೋಗು — ಹೇಳಲಿಲ್ಲ, ಕಾಲೇಜಿನಲ್ಲಿ ಎರಡು ಸಲ ನಪಾಸಾದವಳು ಅಂತಲೇ ನಾನು ಹೆಸರಾದ ಮನೆಯಲ್ಲಿ ಒಬ್ಬಳಾದರೂ ನನ್ನನ್ನು ವಿಷಯ ತಿಳಿದವಳು ಅಂದುಕೊಂಡಿದ್ದಳು, ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ, ಅಷ್ಟೇ, ಅದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ. ಮಂಗಳವಾರ ಬಚ್ಚಲಲ್ಲಿ ಬಿದ್ದಳು, ಹಲ್ಲು ಕಚ್ಚಿ, ಕೈಕಾಲು ಸೆಟೆದು, ಮಗುವನ್ನು ಹೊರಗೆ ತೆಗೆದರು, ಅಳಲಿಲ್ಲ, ಹೆಣ್ಣು. ಈಗ ಅತ್ತಿಗೆ ಮೇಲಿನ ವಾರ್ಡಿನಲ್ಲಿದ್ದಾಳೆ, ಬೆಳಿಗ್ಗೆ ಹೋದರೆ ನಾಲಿಗೆಯಲ್ಲಿ ಕಚ್ಚಿದ ಗಾಯ, ತೊದಲುತ್ತಲೇ ಕೇಳಿದಳು, ರಿಪೋರ್ಟಲ್ಲಿ ಏನೂ ಇರ್ಲಿಲ್ಲ ಅಲ್ವಾ, ಮತ್ತೆ ಹೀಗ್ಯಾಕಾಯ್ತು, ಬೈಯಲಿಲ್ಲ, ನಿಜವಾಗಿಯೂ ಕೇಳಿದಳು, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಟಿಕ್ ಟಿಕ್ ನಿಂತಿತು. ಕಾಗದ ಬರುತ್ತಿದೆ, ಹದಿನಾಲ್ಕು ಸರಿ, ಹದಿನೈದು ಸರಿ, ಹದಿನಾರು ಸರಿ, ಹದಿನೇಳು — ಅಪಾಯದ ಗೆರೆಯ ಮೂರು ಪಟ್ಟು ಮೇಲೆ. ಎರಡು ತಿಂಗಳ ಹಿಂದಿನ ರಕ್ತ, ಆಗಲೇ ಗೊತ್ತಿತ್ತು ಅದಕ್ಕೆ, ದೊಡ್ಡ ಡಾಕ್ಟರು ಖುಷಿಪಡುತ್ತಾರೆ, ನೋಡಿದ್ಯಾ, ಕೆಲಸ ಮಾಡುತ್ತೆ ಅನ್ನುತ್ತಾರೆ. ಮೇಲೆ ಹೋಗಬೇಕು, ಹೋಗಿ ಹೇಳಬೇಕು, ಮೊದಲು ಉಳಿದ ರಕ್ತವನ್ನು ಒಳಗಿಡಬೇಕು, ಬಾಗಿಲು ತೆಗೆದರೆ ಬಿಳಿ ಹೊಗೆ, ಎರಡನೇ ಸಾಲು, ಇಡುತ್ತೇನೆ, ಅಂಕಿಯ ಮೇಲೆ ಆಗಲೇ ಹಿಮ, ಹೆಬ್ಬೆರಳಿನಿಂದ ಒರೆಸಿದರೆ ಹದಿನೇಳು, ಮತ್ತೆ ಹಿಮ, ಒರೆಸಿದರೆ ಹದಿನೇಳು